ಬಾಗೇವಾಡಿಗೊಂದು ಫಿಲ್ಮ್ ಸಿಟಿ ಯಾಕೆ?

2025ರ ಮಾರ್ಚ್ ಬಜೆಟ್ಟಿನಲ್ಲಿ ಸಿದ್ದರಾಮಯ್ಯನವರು ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಕೊಟ್ಟರು, ಮೈಸೂರಿಗೆ 500 ಕೋಟಿ ರೂಪಾಯಿಯ ಚಿತ್ರನಗರಿ ಘೋಷಿಸಿದರು. ಬೆಳಗಾವಿ ಸೀಮೆಯ ಸಿನಿಮಾಪ್ರಿಯರ ಅಳಲು ಗೊತ್ತೇ ಇದೆ: ಎಲ್ಲಾ ಅತ್ತಾಗೇ ಹೋತು, ನಮಗೇನು ಬಂತು? ಗೋಕಾಕದ ಜಲಪಾತ ಐತಿ, ಹಿಡಕಲ್ ಜಲಾಶಯ ಐತಿ, ಬೆಲ್ಲದ ಬಾಗೇವಾಡಿಯ ಸುತ್ತ ಬಯಲೂ ಬೇಕಾದಷ್ಟಿದೆ. ಇಲ್ಲೊಂದು ಫಿಲ್ಮ್ ಸಿಟಿ ಕಟ್ಟಲಿ. ಅಳಲು ನ್ಯಾಯವಾದದ್ದೇ. ಬೇಡಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು ಆ ಚಿತ್ರನಗರಿಯ ಜಾತಕ ನೋಡಿ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಅದು ನಂಜನಗೂಡಿನ ಹಿಮ್ಮಾವಿನಲ್ಲಿತ್ತು. ಕುಮಾರಸ್ವಾಮಿಯವರ ಕಾಲಕ್ಕೆ ರಾಮನಗರಕ್ಕೆ ಹೊರಟಿತು, ಯಡಿಯೂರಪ್ಪನವರ ಕಾಲಕ್ಕೆ ಬೆಂಗಳೂರಿನ ಪಾಲಾಯಿತು, ಈಗ ಮತ್ತೆ ಮೈಸೂರಿಗೆ ಬಂದಿದೆ. ಮುಖ್ಯಮಂತ್ರಿಯ ಜೊತೆ ಊರು ಬದಲಿಸುವ ಯೋಜನೆಯನ್ನು ನಮ್ಮ ಪಾಲಿಗೂ ಕೇಳುವುದೆಂದರೆ ಇನ್ನೊಂದು ಶಂಕುಸ್ಥಾಪನೆಯ ಕಲ್ಲನ್ನು ಕೇಳಿದಂತೆ.

ಬೆಲ್ಲದ ಬಾಗೇವಾಡಿ ಇರುವ ಹುಕ್ಕೇರಿ ತಾಲ್ಲೂಕಿನವರು ಪಾಠ ಕಲಿಯಲು ದೂರ ಹೋಗಬೇಕಿಲ್ಲ. ಸಂಕೇಶ್ವರ ದಾಟಿ ಹೆದ್ದಾರಿ ಹಿಡಿದರೆ ಕೊಲ್ಲಾಪುರ. ಬಾಬುರಾವ್ ಪೇಂಟರ್ ಅಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ್ದೂ ಅಲ್ಲೇ. ಪೇಂಟರರಿಗೆ ಶಾಹೂ ಮಹಾರಾಜರ ಆಸರೆ ಇತ್ತು, ನಿಜ. ಆದರೆ ಆ ಆಸರೆ ಸಿಕ್ಕಿದ್ದು ಕ್ಯಾಮೆರಾವನ್ನೇ ಸ್ವತಃ ಜೋಡಿಸಿಕೊಂಡಿದ್ದ ಕಸುಬುದಾರನಿಗೆ. ಇಷ್ಟಾಗಿಯೂ 1933ರಲ್ಲಿ ಪ್ರಭಾತ್ ಗಂಟುಮೂಟೆ ಕಟ್ಟಿ ಪುಣೆಗೆ ಹೋಯಿತು. ಮುಂದೆ ಮಹಾರಾಷ್ಟ್ರ ಸರ್ಕಾರ ಅದೇ ಕೊಲ್ಲಾಪುರದಲ್ಲಿ ಕಟ್ಟಿದ ಚಿತ್ರನಗರಿ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಸಿನಿಮಾದ ತವರಿನಲ್ಲೇ ಹೀಗಾದರೆ ಬಾಗೇವಾಡಿಯಲ್ಲಿ ಬೇರೆ ಏನಾದೀತು?

ಸವಲತ್ತು ಇಲ್ಲದ್ದಕ್ಕೇ ನಮ್ಮ ಕಡೆಯ ಸಿನಿಮಾ ಬರಲಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಸೀಮೆಯ ಮಾತನ್ನು ಇದ್ದ ಹಾಗೇ ತೆರೆಗೆ ತಂದರು. ಅವರೇ ಬರೆದು ನಿರ್ದೇಶಿಸಿದ 'ಕಾಡು ಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಆ ಭಾಷೆಗೆ ಗೌರವ ತರಲು ಫಿಲ್ಮ್ ಸಿಟಿ ಬೇಕಾಗಲಿಲ್ಲ. ಆದರೂ ಗಾಂಧಿನಗರದ ಸಿನಿಮಾದಲ್ಲಿ ನಮ್ಮ ಮಾತು ಬಹುಪಾಲು ನಗಿಸುವವನ ಬಾಯಿಗೇ ಮೀಸಲಾಯಿತು. ನೋಡುಗ ಬೆಂಗಳೂರಿನವನು ಎಂದು ನಿರ್ಮಾಪಕ ಮೊದಲೇ ತೀರ್ಮಾನಿಸಿರುವುದು ಇದಕ್ಕೆ ಕಾರಣ. ಸರ್ಕಾರದ ನೀತಿಯೂ ಅದೇ ತೀರ್ಮಾನದ ಮೇಲೆ ಕೂತಿದೆ.

ಸಹಾಯಧನದ ಲೆಕ್ಕ ನೋಡಿ. ಚಿತ್ರ ತಯಾರಾಗಬೇಕು, ಸೆನ್ಸಾರ್ ಆಗಬೇಕು, ಸಮಿತಿ ನೋಡಿ ಗುಣಮಟ್ಟ ಅಳೆಯಬೇಕು. ಆ ಚಿತ್ರ ಮೂಡಲಗಿಯಂಥ ತಾಲ್ಲೂಕು ಕೇಂದ್ರದಲ್ಲಿ ಒಂದು ಆಟವಾದರೂ ಕಂಡಿತೇ ಎಂದು ಯಾರೂ ಕೇಳುವುದಿಲ್ಲ. ನೋಡುಗನ ಪರವಾಗಿ ಏನೂ ಆಗಿಲ್ಲವೇ, ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಲಿಲ್ಲವೇ ಎನ್ನಬಹುದು. ಹಾಕಿದರು, 2025ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ತಡೆ ಬಾರದಿದ್ದರೂ ತಾಲ್ಲೂಕಿನ ಪ್ರೇಕ್ಷಕನಿಗೆ ಆಗುವುದೇನು? ಅದು ಮಹಾನಗರದ ಮಲ್ಟಿಪ್ಲೆಕ್ಸಿನ ಜಗಳ. ಹಳ್ಳಿಗನ ಕಷ್ಟ ಟಿಕೆಟ್ಟು ದುಬಾರಿಯಾದದ್ದಲ್ಲ, ಟಾಕೀಸೇ ಮುಚ್ಚಿದ್ದು.

ಈ ನೆಲದಲ್ಲಿ ಹಳೆಯದೊಂದು ಲೆಕ್ಕ ಇತ್ತು. ಕುಲಗೋಡ ತಮ್ಮಣ್ಣ ತಿದ್ದಿ ತೀಡಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದದ್ದು ಯಾವ ಸಬ್ಸಿಡಿಯಿಂದ? ಜಾತ್ರೆಗೆ ಮೊದಲೇ ಊರವರು ವೀಳ್ಯ ಕೊಟ್ಟು ಮೇಳ ಗೊತ್ತು ಮಾಡುತ್ತಿದ್ದರು. ಆಟದ ನಡುವೆ ಸತ್ಯಭಾಮೆಯ ಮುನಿಸು ರಂಗೇರಿದಾಗ ಹಾರ್ಮೋನಿಯಂ ಒಂದು ಗಳಿಗೆ ನಿಲ್ಲುತ್ತಿತ್ತು. ಇಂಥ ಗೌಡರಿಂದ ಇಷ್ಟು ಆಯೇರಿ ಎಂದು ಕೂಗುತ್ತಿದ್ದರು. ಮತ್ತೆ ಪದ ಶುರು. ಪ್ರೇಕ್ಷಕ ಮೊದಲು, ಪ್ರದರ್ಶನ ಆಮೇಲೆ.

ಸಿನಿಮಾ ನೀತಿ ಈ ಕ್ರಮವನ್ನು ತಲೆಕೆಳಗು ಮಾಡಿದೆ. ಕೈಗಾರಿಕಾ ನೀತಿಯದೂ ಅದೇ ಕಥೆ. 2025ರ ಫೆಬ್ರುವರಿಯ ಇನ್ವೆಸ್ಟ್ ಕರ್ನಾಟಕದಲ್ಲಿ ಹತ್ತು ಲಕ್ಷ ಕೋಟಿ ಮೀರಿದ ಹೂಡಿಕೆಯ ಮಾತಾಯಿತು. ನವೆಂಬರ್ ಹೊತ್ತಿಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ರಸ್ತೆಯಲ್ಲೇ ಕೂತಿದ್ದರು. ಟನ್ನಿಗೆ 3,500 ಕೇಳಿದರು, 3,300ಕ್ಕೆ ಹೋರಾಟ ನಿಂತಿತು. ಸಕ್ಕರೆ ಕಾರ್ಖಾನೆಗಳಿಗೆ ಈ ಭಾಗದಲ್ಲಿ ಬರವಿಲ್ಲ. ಬಾಗೇವಾಡಿಯಲ್ಲೇ ಒಂದಿದೆ, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಇದೆ. ಬೆಳೆದವನಿಗೆ ಬೆಲೆ ಗಿಟ್ಟಲಿಲ್ಲ, ಅಷ್ಟೇ. ಹತ್ತರಗಿಯ ಏರೋಸ್ಪೇಸ್ ಎಸ್‌ಇಜೆಡ್ ಗೆದ್ದಿತಲ್ಲ ಎಂಬ ಆಕ್ಷೇಪಣೆಗೆ ಬೆಲೆ ಕೊಡುತ್ತೇನೆ. ಅಲ್ಲಿ ಸರ್ಕಾರದ ನೀತಿ ನೆರವಾಗಿದೆ. ಆದರೆ ಅಲ್ಲಿ ತಯಾರಾಗುವ ಬಿಡಿಭಾಗಕ್ಕೆ ಏರ್‌ಬಸ್‌ನಂಥ ಗಿರಾಕಿ ಇದ್ದಾನೆ, ಬೆಳಗಾವಿಯ ಫೌಂಡ್ರಿ, ಲೇಥುಗಳಲ್ಲಿ ಪಳಗಿದ ಕೈಗಳು ಹತ್ತಿರದಲ್ಲೇ ಇದ್ದವು. ಆ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ.

ಮತ್ತೆ ಸಿನಿಮಾಕ್ಕೆ ಬರೋಣ. ಚಿತ್ರನಗರಿ ಘೋಷಿಸಿದ ಬಜೆಟ್ಟಿನಲ್ಲೇ ಸರ್ಕಾರಿ ಒಟಿಟಿಯ ಮಾತೂ ಇತ್ತು. ಚಿತ್ರನಗರಿಯ ಗದ್ದಲದಲ್ಲಿ ಅದರ ಚರ್ಚೆ ಹಿಂದೆ ಬಿತ್ತು. ಕೇರಳ 2024ರ ಮಾರ್ಚಿನಲ್ಲೇ 'ಸಿ ಸ್ಪೇಸ್' ಆರಂಭಿಸಿತು: ನೋಡಿದಷ್ಟಕ್ಕೆ ದುಡ್ಡು, ಅದರಲ್ಲಿ ನಿರ್ಮಾಪಕನಿಗೆ ಪಾಲು. ನಾವು ಜಗಳ ತೆಗೆಯಬೇಕಾದದ್ದು ಇಲ್ಲಿ. ಸಹಾಯಧನದ ಅರ್ಧವನ್ನು ತಾಲ್ಲೂಕು ಕೇಂದ್ರಗಳಲ್ಲಿ ಆದ ಪ್ರದರ್ಶನಗಳ ಮೇಲೆ ಬಿಡುಗಡೆ ಮಾಡಲಿ. ನೂರು ಸೀಟಿನ ಪುಟ್ಟ ಟಾಕೀಸು ಹಾಕುವವನಿಗೆ ಲೈಸೆನ್ಸು ಒಂದೇ ಕಿಟಕಿಯಲ್ಲಿ ಸಿಗಲಿ, ಸಾಲ ಕಡಿಮೆ ಬಡ್ಡಿಗೆ ಸಿಗಲಿ. ಸುಳ್ಳು ಆಟ ತೋರಿಸಿ ದುಡ್ಡು ಹೊಡೆಯುತ್ತಾರೆ ಎನ್ನುವಿರಾ? ಹೊಡೆದಾರು. ಈಗಿನ ಸಹಾಯಧನಕ್ಕಾಗಿಯೇ ತೆಗೆದು ಡಬ್ಬದಲ್ಲಿಟ್ಟ ಚಿತ್ರಗಳಿಗಿಂತ ಅದು ದೊಡ್ಡ ಮೋಸವೇನೂ ಆಗದು. ಟಿಕೆಟ್ಟಿನ ಲೆಕ್ಕವನ್ನಾದರೂ ತಾಳೆ ನೋಡಬಹುದು.