ಎಣ್ಣೆ ತಲುಪುವ ಹೊತ್ತು

ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಜಹೀರಾಬಾದಿನ ಸುತ್ತ ಚಳಿ ಗಟ್ಟಿಯಾಗಿಯೇ ಇರುತ್ತದೆ. ಪಕ್ಕದ ಕೊಹೀರ್ ಇಡೀ ತೆಲಂಗಾಣದಲ್ಲೇ ಉಷ್ಣಾಂಶ ಅತಿ ಕೆಳಗಿಳಿಯುವ ಊರುಗಳಲ್ಲೊಂದು. ಇಂಥ ಬೆಳಗಿನಲ್ಲಿ ಹಳೆಯ ಅಂಬಾಸಿಡರಿನ ಸೆಲ್ಫ್ ಹೊಡೆದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳುವುದಿಲ್ಲ. ಐದು ಸೆಕೆಂಡು, ಆರು, ಏಳು. ಒಳಗಿನಿಂದ ಒಣ ಕಟಕಟ ಕೇಳುತ್ತದೆ. ಆಮೇಲೆ ಮುಳ್ಳು ಸರಕ್ಕನೆ ಮೇಲೇರಿ ನಿಲ್ಲುತ್ತದೆ, ಸದ್ದು ಅಡಗುತ್ತದೆ, ದಿನವಿಡೀ ಮತ್ತೇನೂ ತಕರಾರಿಲ್ಲ.

ಇದನ್ನು ಹೇಳಿಕೊಂಡು ಗ್ಯಾರೇಜಿಗೆ ಹೋದವರಿಗೆ ಬಹಳ ಸಲ ಸಿಗುವ ಉತ್ತರ ಒಂದೇ: ಬೇರಿಂಗ್ ಹೋಗಿವೆ, ಎಂಜಿನ್ ಇಳಿಸಬೇಕು. ಈ ಉತ್ತರವನ್ನು ಒಪ್ಪಿಕೊಳ್ಳುವ ಮೊದಲು ಈ ವಾರದ ಅಂಕಣ ಓದಿ. ಸವೆದ ಬೇರಿಂಗು ತನ್ನ ಗುಟ್ಟನ್ನು ಬಿಟ್ಟುಕೊಡುವುದು ಎಂಜಿನ್ ಬಿಸಿಯಾದ ಮೇಲೆ. ತಣ್ಣಗಿರುವಾಗ ಎಣ್ಣೆ ದಪ್ಪ, ಸವೆದ ಸಂದಿನಿಂದಲೂ ಅದು ಬೇಗ ಸೋರುವುದಿಲ್ಲ, ಮುಳ್ಳು ಮೇಲೆಯೇ ಇರುತ್ತದೆ. ಬೆಳಗ್ಗೆ ತಡವರಿಸಿ ಆಮೇಲೆ ನೆಟ್ಟಗಾಗುವ ಪ್ರೆಶರಿಗೆ ಕಾರಣ ಹೆಚ್ಚಿನ ಸಲ ಬೇರೆ ಕಡೆ ಇರುತ್ತದೆ. ಅದನ್ನು ಎಂಜಿನ್ ಇಳಿಸದೆಯೇ ಹುಡುಕಬಹುದು.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮಾತಿಗೆ ತಕ್ಕ ನೆಲ.  ಯಂತ್ರದ ನಂಟು ಇಲ್ಲಿಗೆ ಹೊಸದಲ್ಲ. 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಕಂಪನಿ ಜಪಾನಿನ ನಿಸಾನ್ ಜೊತೆಗೂಡಿ ಹಗುರ ಟ್ರಕ್ ತಯಾರಿಸಿದ್ದು ಜಹೀರಾಬಾದಿನಲ್ಲೇ. ಆ ಕಾರ್ಖಾನೆ ಮುಂದೆ ಮಹೀಂದ್ರಾ ಪಾಲಾಯಿತು, ಈಗ ಅಲ್ಲಿಂದ ಟ್ರ್ಯಾಕ್ಟರುಗಳು ಹೊರಬರುತ್ತವೆ. ಟ್ರ್ಯಾಕ್ಟರ್ ಬಲ್ಲ ಕೈಗಳಿಗೆ ಹಳೆಯ ಕಾರಿನ ಎಂಜಿನ್ ಕಷ್ಟವಲ್ಲ. ಬೇಕಾದದ್ದು ಹುಡುಕುವ ಕ್ರಮ.

ಕ್ರಮಕ್ಕೆ ಮೊದಲು ಒಂದು ತತ್ವ. ಪಂಪಿನ ಒತ್ತಡವೇ ಕ್ರ್ಯಾಂಕನ್ನು ಎತ್ತಿ ಹಿಡಿದಿರುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ಹಾಗಲ್ಲ ಎಂದು 1883ರಲ್ಲೇ ಇಂಗ್ಲೆಂಡಿನ ಬೋಶಾಂಪ್ ಟವರ್ ತೋರಿಸಿಕೊಟ್ಟರು. ರೈಲು ಗಾಲಿಯ ಬೇರಿಂಗನ್ನು ಪರೀಕ್ಷಿಸುವಾಗ ಎಣ್ಣೆ ಬಿಡಲೆಂದು ಅದರ ನೆತ್ತಿಯಲ್ಲಿ ತೂತು ಕೊರೆದರೆ, ತಿರುಗುವ ಶಾಫ್ಟು ಎಣ್ಣೆಯನ್ನು ಅದೇ ತೂತಿನಿಂದ ಹೊರಕ್ಕೆ ಚಿಮ್ಮಿಸಿತು. ಮರದ ಬಿರಡೆ ಜಡಿದರೆ ಅದನ್ನೂ ನೂಕಿಹಾಕಿತು. ಮೀಟರ್ ಜೋಡಿಸಿ ನೋಡಿದಾಗ ಒತ್ತಡ ಚದರ ಇಂಚಿಗೆ 200 ಪೌಂಡ್ ದಾಟಿತ್ತು. ಅಲ್ಲಿ ಪಂಪೇ ಇರಲಿಲ್ಲ. ಇದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿಟ್ಟರು. ಶಾಫ್ಟು ತಿರುಗುತ್ತ ತಾನೇ ಎಣ್ಣೆಯ ಬೆಣೆ ಕಟ್ಟಿಕೊಂಡು ಅದರ ಮೇಲೆ ತೇಲುತ್ತದೆ. ಪಂಪಿನ ಕೆಲಸ ಆ ಜಾಗಕ್ಕೆ ಎಣ್ಣೆ ಒದಗಿಸುವುದು. ಆದ್ದರಿಂದ ಸ್ಟಾರ್ಟ್ ಮಾಡಿದ ಹೊತ್ತಿನಲ್ಲಿ ಮುಳ್ಳು ಎಷ್ಟು ಪೌಂಡ್ ತೋರಿಸಿತು ಎನ್ನುವುದಕ್ಕಿಂತ ಎಣ್ಣೆ ಎಷ್ಟು ಬೇಗ ತಲುಪಿತು ಎನ್ನುವುದೇ ದೊಡ್ಡ ಪ್ರಶ್ನೆ. ಹಿಂದಿನ ದಿನದ ತೆಳು ಪೊರೆಯೊಂದೇ ಬೇರಿಂಗನ್ನು ಕಾಯುತ್ತಿರುವ ಹೊತ್ತು ಅದು.

ಇನ್ನು ಲಕ್ಷಣಗಳನ್ನು ಬೇರ್ಪಡಿಸೋಣ. ರಾತ್ರಿ ನಿಂತ ಗಾಡಿಯಲ್ಲಿ ತಡವಾಗಿ ಏರಿ ಆಮೇಲೆ ಸರಿಯಾಗುವ ಪ್ರೆಶರ್ ಒಂದು ಬಗೆ. ಎಷ್ಟು ಹೊತ್ತಾದರೂ ಏರದೇ ಇರುವುದು ಎರಡನೆಯದು. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಕುಸಿಯುವುದು ಮೂರನೆಯದು. ಬೇರಿಂಗಿನ ಮೇಲೆ ಅನುಮಾನ ಪಡಬೇಕಾದದ್ದು ಮೂರನೆಯದರಲ್ಲಿ. ಎರಡನೆಯದರಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಯಬೇಡಿ, ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ. ರೇಸ್ ಕೊಟ್ಟು ಮುಳ್ಳೇರಿಸುವ ಪ್ರಯತ್ನವನ್ನಂತೂ ಯಾರೂ ಮಾಡಬಾರದು.

ಮೊದಲ ಕೆಲಸ ಡಿಪ್‌ಸ್ಟಿಕ್ ಎಳೆಯುವುದು. ಎಣ್ಣೆ ಕಡಿಮೆಯಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಸುರಿಯದೆಯೇ ಎಣ್ಣೆ ಗುರುತಿಗಿಂತ ಮೇಲೆ ಬಂದಿದ್ದರೆ ಇನ್ನೂ ಎಚ್ಚರ ಬೇಕು. ಅಂಬಾಸಿಡರಿನ ಪೆಟ್ರೋಲ್ ಪಂಪು ಎಂಜಿನ್ ಬ್ಲಾಕಿಗೇ ಕೂತಿರುತ್ತದೆ. ಅದರ ಡಯಾಫ್ರಮ್ ಹರಿದರೆ ಪೆಟ್ರೋಲ್ ನೇರ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಕಡ್ಡಿಯ ತುದಿಯನ್ನು ಮೂಸಿದರೆ ಗೊತ್ತಾಗುತ್ತದೆ. ಪೆಟ್ರೋಲ್ ಬೆರೆತ ಎಣ್ಣೆ ತೆಳುವಾಗುತ್ತದೆ, ಪೊರೆ ಹಿಡಿದಿಡುವ ಕಸುವು ಕಳೆದುಕೊಳ್ಳುತ್ತದೆ. ಡಯಾಫ್ರಮ್ ಬದಲಿಸಿ, ಎಣ್ಣೆಯನ್ನು ಪೂರ್ತಿ ಚೆಲ್ಲಿ ಹೊಸದು ತುಂಬುವವರೆಗೆ ಆ ಗಾಡಿ ಓಡಿಸಬಾರದು.

ಎರಡನೆಯದು, ಮೀಟರು ನಿಜ ಹೇಳುತ್ತಿದೆಯೇ ಎಂದು ನೋಡುವುದು. ಎಂಜಿನ್ನಿನಿಂದ ಸಣ್ಣ ಕೊಳವೆಯಲ್ಲಿ ಎಣ್ಣೆ ತರಿಸಿಕೊಳ್ಳುವ ಮೀಟರುಗಳಲ್ಲಿ ಆ ಕೊಳವೆಗೆ ಜಿಡ್ಡು ಕಟ್ಟಿದರೆ ಒಳಗೆ ಪ್ರೆಶರ್ ಬಂದಿದ್ದರೂ ಮುಳ್ಳು ತಡವಾಗಿ ಏಳುತ್ತದೆ. ಪದ್ಮಿನಿ ಕಾರಿನ ಕೆಂಪು ಆಯಿಲ್ ದೀಪವನ್ನು ನಂಬಿದವರೂ ತಿಳಿದಿರಲಿ: ಇಂಥ ದೀಪಗಳ ಸ್ವಿಚ್ಚು ಸಾಮಾನ್ಯವಾಗಿ 5–7 ಪೌಂಡಿಗೇ ದೀಪ ಆರಿಸುತ್ತದೆ. ದೀಪ ಆರಿತೆಂದರೆ ಎಣ್ಣೆ ಹೊರಟಿದೆ ಎಂದಷ್ಟೇ ಅರ್ಥ, ಸಾಕಷ್ಟಿದೆ ಎಂದಲ್ಲ. ಸ್ವಿಚ್ಚು ಬಿಚ್ಚಿ ಅದೇ ತೂತಿಗೆ ಬೇರೊಂದು ಒಳ್ಳೆಯ ಮೀಟರ್ ಜೋಡಿಸಿ ಹೋಲಿಸುವುದೇ ಸರಿದಾರಿ. ಅಂಬಾಸಿಡರಿನ 1489 ಸಿಸಿ ಬಿ-ಸೀರೀಸ್ ಎಂಜಿನ್ ಬಿಸಿಯಾಗಿ ಓಡುವಾಗ ಸುಮಾರು 50 ಪೌಂಡ್, ಐಡ್ಲಿಂಗಿನಲ್ಲಿ 15ರ ಆಸುಪಾಸು ತೋರಿಸಿದರೆ ಆರೋಗ್ಯವಾಗಿದೆ ಎನ್ನಬಹುದು.

ಮೂರನೆಯದು ಫಿಲ್ಟರು. ನನ್ನ ಅನುಮಾನ ಮೊದಲು ಹೋಗುವುದು ಇದರ ಮೇಲೆಯೇ. ಹಳೆಯ ಬಟ್ಟಲು ಬಗೆಯ ಫಿಲ್ಟರ್ ತೆಗೆದು ಈಗಿನ ತಿರುಪು ಫಿಲ್ಟರ್ ಹಾಕಿಸಿಕೊಂಡ ಗಾಡಿಗಳಲ್ಲಿ ಈ ತೊಂದರೆ ಹೆಚ್ಚು. ಒಳ್ಳೆಯ ಫಿಲ್ಟರಿನೊಳಗೆ ರಬ್ಬರಿನ ಒಂದು ತಡೆ ಇರುತ್ತದೆ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿದುಹೋಗದಂತೆ ಅದು ಹಿಡಿದಿಡುತ್ತದೆ. ಅದು ಇಲ್ಲದಿದ್ದರೆ ಅಥವಾ ಗಡುಸಾಗಿದ್ದರೆ ರಾತ್ರಿಯೆಲ್ಲ ಎಣ್ಣೆ ಚೇಂಬರಿಗೆ ಇಳಿದು, ಬೆಳಗ್ಗೆ ಪಂಪು ಮೊದಲು ಖಾಲಿ ಫಿಲ್ಟರನ್ನು ತುಂಬಿಸಿ ಆಮೇಲೆ ಬೇರಿಂಗಿನ ಕಡೆ ಹೊರಡಬೇಕಾಗುತ್ತದೆ. ಪರೀಕ್ಷೆ ಸುಲಭ. ಬಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಮಾಡಿ, ಮುಳ್ಳು ತಕ್ಷಣ ಏಳುತ್ತದೆಯೇ ನೋಡಿ. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಫಿಲ್ಟರ್ ಬಿಚ್ಚಿ. ಅದು ಖಾಲಿಯಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಖರ್ಚು ಒಂದು ಫಿಲ್ಟರಿನದು ಮಾತ್ರ.

ನಾಲ್ಕನೆಯದು ರಿಲೀಫ್ ವಾಲ್ವ್. ಬಿ-ಸೀರೀಸ್ ಎಂಜಿನ್ನಿನ ಎಡಮಗ್ಗುಲಲ್ಲಿ, ಹಿಂಬದಿಗೆ, ಗುಮ್ಮಟದಂಥ ಆರುಮೂಲೆಯ ನಟ್ ಒಂದಿದೆ. ಅದರ ಹಿಂದೆ ಸ್ಪ್ರಿಂಗು, ಸ್ಪ್ರಿಂಗಿನ ಮುಂದೆ ವಾಲ್ವು. ಒತ್ತಡ ಮಿತಿ ದಾಟಿದಾಗ ತೆರೆದುಕೊಂಡು ಎಣ್ಣೆಯನ್ನು ಚೇಂಬರಿಗೆ ಮರಳಿಸುವುದು ಇದರ ಕೆಲಸ. ಗ್ಯಾಸ್ಕೆಟ್ಟಿನ ಚೂರೋ ಇಂಗಾಲದ ಹರಳೋ ಸಿಕ್ಕಿಕೊಂಡರೆ ಅದು ಸದಾ ಅರೆತೆರೆದೇ ಇರುತ್ತದೆ. ಕಲ್ಲುಗಣಿ, ಪಾಲಿಶ್ ಘಟಕಗಳ ತಾಂಡೂರಿನಲ್ಲಿ ಇನ್ನೊಂದು ಮಾತು ಸೇರಿಸಬೇಕು: ನಾಪಾಸಾಣೆ ಕಲ್ಲಿನ ಬಿಳಿ ಧೂಳು ಕೂರದ ಜಾಗ ಅಲ್ಲಿಲ್ಲ. ಎಣ್ಣೆ ಸುರಿಯುವ ಮುಚ್ಚಳದ ಸುತ್ತ ಒರೆಸದೆ, ಆಲಿಕೆ ತೊಳೆಯದೆ ಎಣ್ಣೆ ಹಾಕಿದರೆ ಆ ಧೂಳು ನೇರ ಎಂಜಿನ್ನಿನೊಳಕ್ಕೆ ಹೋಗುತ್ತದೆ. ನಟ್ ಬಿಚ್ಚಿ ವಾಲ್ವು ತೊಳೆಯಿರಿ, ಅದು ಕೂರುವ ಜಾಗದಲ್ಲಿ ಗೀರು ಇದೆಯೇ ನೋಡಿ, ಸ್ಪ್ರಿಂಗು ಕುಗ್ಗಿದ್ದರೆ ಹೊಸದು ಹಾಕಿ. ಹಳೆಯ ಸ್ಪ್ರಿಂಗಿನ ಹಿಂದೆ ವಾಷರ್ ಇಟ್ಟು ಮುಳ್ಳೇರಿಸುವುದು ಚಿಕಿತ್ಸೆಯಲ್ಲ, ರೋಗ ಮುಚ್ಚಿಡುವುದು.

ಇಷ್ಟಾದ ಮೇಲೆ ಚೇಂಬರ್ ಇಳಿಸಿ. ಪಂಪು ಎಣ್ಣೆ ಎಳೆದುಕೊಳ್ಳುವ ಜಾಲರಿಗೆ ಕೆಸರು ಮೆತ್ತಿದ್ದರೆ ಚಳಿಯಲ್ಲಿ ದಪ್ಪಗಾದ ಎಣ್ಣೆ ಅದರ ಮೂಲಕ ನುಸುಳಲಾರದು, ಬಿಸಿಯಾದಂತೆ ತಕ್ಕಮಟ್ಟಿಗೆ ನುಸುಳುತ್ತದೆ. ಬೆಳಗಿನ ತೊಂದರೆ ಮಧ್ಯಾಹ್ನ ಮಾಯವಾಗಲು ಇದೂ ಒಂದು ಕಾರಣ. ಪಂಪಿನ ರೋಟರು ಮತ್ತು ಮುಚ್ಚಳದ ನಡುವಿನ ಸಂದು 0.127 ಮಿ.ಮೀ. ಮೀರಬಾರದು. ಫೀಲರ್ ಗೇಜ್ ಇದ್ದರೆ ಅಳೆಯುವುದು ಎರಡು ನಿಮಿಷದ ಕೆಲಸ.

ನಾರಾಯಣಖೇಡದ ಕಡೆ ಹೊಲದ ದಾರಿಗೆ ಹಳೆಯ ಪೆಟ್ರೋಲ್ ಜೀಪು ಇಟ್ಟುಕೊಂಡವರು ಇನ್ನೊಂದು ವಿಷಯ ಅರಿತಿರಬೇಕು. ಆ ವಿಲ್ಲಿಸ್ ವಂಶದ ಎಂಜಿನ್ನಿನಲ್ಲಿ ಆಯಿಲ್ ಪಂಪು ಹೊರಗೆ, ಎಡಮಗ್ಗುಲಿಗೆ ಕೂತಿರುತ್ತದೆ. ಅದನ್ನು ಬಿಚ್ಚಿ ಒಣಗಿದಂತೆಯೇ ಜೋಡಿಸಿದರೆ ಎಣ್ಣೆ ಎಳೆದುಕೊಳ್ಳುವುದಿಲ್ಲ, ಮೊದಲು ಎಣ್ಣೆ ತುಂಬಿಸಿಯೇ ಕೂರಿಸಬೇಕು. ಡಿಸ್ಟ್ರಿಬ್ಯೂಟರು ತಿರುಗುವುದೂ ಇದೇ ಪಂಪಿನ ಶಾಫ್ಟಿನಿಂದ, ಆದ್ದರಿಂದ ಬಿಚ್ಚುವ ಮೊದಲು ಟೈಮಿಂಗ್ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಪ್ರೆಶರ್ ಸರಿಯಾಗಿ, ಗಾಡಿ ಸ್ಟಾರ್ಟೇ ಆಗದ ಹೊಸ ತಾಪತ್ರಯ ಹುಟ್ಟುತ್ತದೆ.

ದಪ್ಪ ಎಣ್ಣೆ ಸುರಿದು ಮುಳ್ಳೇರಿಸುವ ರೂಢಿಯ ಬಗ್ಗೆ ಖಡಕ್ಕಾಗಿ ಹೇಳಬೇಕಿದೆ. ಮೀಟರು ತೋರಿಸುವುದು ಎಣ್ಣೆಯ ಹರಿವಿಗೆ ಎದುರಾಗುವ ತಡೆಯನ್ನು. ಎಣ್ಣೆ ದಪ್ಪವಾದಷ್ಟೂ ಮುಳ್ಳು ಮೇಲೇರುತ್ತದೆ, ಕೊಹೀರಿನಂಥ ಚಳಿಯಲ್ಲಿ ಅದೇ ಎಣ್ಣೆ ಬೇರಿಂಗಿಗೆ ಇನ್ನೂ ತಡವಾಗಿ ಮುಟ್ಟುತ್ತದೆ. 20ಡಬ್ಲ್ಯೂ-50 ಎಂಬಲ್ಲಿ ಮೊದಲ ಸಂಖ್ಯೆ ಚಳಿಯ ಗುಣವನ್ನು, ಎರಡನೆಯದು 100 ಡಿಗ್ರಿಯಲ್ಲಿ ಉಳಿಯುವ ದಪ್ಪವನ್ನು ಹೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಗೆ 20ಡಬ್ಲ್ಯೂ-40 ಇಲ್ಲವೇ 20ಡಬ್ಲ್ಯೂ-50 ಎರಡೂ ಕಾಲಕ್ಕೆ ಒಗ್ಗುತ್ತದೆ. ಒಂದೇ ಸಂಖ್ಯೆಯ 50ರ ಎಣ್ಣೆ ಜನವರಿಯ ಬೆಳಗಿಗೆ ತಕ್ಕದ್ದಲ್ಲ.

ಹಳೆಯ ಗಾಡಿಗಳು ಈಗ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನ ವಿಂಟೇಜ್ ಎಂದು ನೋಂದಣಿಯಾಗಬಹುದು. ಹಾಗೆ ನೋಂದಣಿಯಾದದ್ದನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬೇಕು. ತಿಂಗಳುಗಟ್ಟಲೆ ನಿಂತ ಎಂಜಿನ್ನಿಗೆ ಒಣ ಸ್ಟಾರ್ಟ್ ದೊಡ್ಡ ಶತ್ರು. ಅದಕ್ಕೆ ಮದ್ದು ನಮ್ಮ ಹಿರಿಯರ ಕೈಯಲ್ಲೇ ಇತ್ತು: ಪ್ಲಗ್ಗು ಬಿಚ್ಚಿ, ಇಗ್ನಿಷನ್ ಹಾಕದೆ ಹ್ಯಾಂಡಲಿನಿಂದ ತಿರುಗಿಸುವುದು. ಕಂಪ್ರೆಶನ್ ಇಲ್ಲದ ಕಾರಣ ಬೇರಿಂಗಿನ ಮೇಲೆ ಭಾರವಿಲ್ಲ, ಪಂಪು ನಿಧಾನವಾಗಿ ಎಣ್ಣೆ ತುಂಬುತ್ತದೆ. ಸೆಲ್ಫಿನಿಂದಲೂ ಮಾಡಬಹುದು, ಹತ್ತು ಸೆಕೆಂಡಿಗೊಮ್ಮೆ ಅದಕ್ಕೆ ಬಿಡುವು ಕೊಟ್ಟು. ಮುಳ್ಳು ಕದಲಿದ ಮೇಲೆ ಪ್ಲಗ್ಗು ಹಾಕಿ ಸ್ಟಾರ್ಟ್ ಮಾಡಿ, ನೀರು ಪೂರ್ತಿ ಬಿಸಿಯಾಗುವಷ್ಟು ಓಡಿಸಿ.

ಮಿಸ್ತ್ರಿಯ ಬಳಿ ಹೋಗುವಾಗ ಮೂರು ಅಂಕಿ ಬರೆದುಕೊಂಡು ಹೋಗಿ: ಬೆಳಗ್ಗೆ ಮುಳ್ಳೇಳಲು ಹಿಡಿದ ಸೆಕೆಂಡು, ಬಿಸಿಯಲ್ಲಿ ಓಡುವಾಗಿನ ಪೌಂಡ್, ಬಿಸಿಯಲ್ಲಿ ಐಡ್ಲಿಂಗಿನ ಪೌಂಡ್. ಕೊನೆಯೆರಡು ಚೆನ್ನಾಗಿದ್ದು ಮೊದಲನೆಯದೊಂದೇ ಕೆಟ್ಟಿದ್ದರೆ ಎಂಜಿನ್ ಇಳಿಸಲು ಒಪ್ಪಬೇಡಿ, ಮೊದಲು ಫಿಲ್ಟರು, ರಿಲೀಫ್ ವಾಲ್ವು ಬಿಚ್ಚಿಸಿ. ಮೂರೂ ಕೆಟ್ಟಿದ್ದರೆ ದುಡ್ಡು ಹೊಂದಿಸಿಕೊಂಡು ಬೇರಿಂಗಿಗೆ ಕೈ ಹಾಕಿ. ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದೆ. ಉಳಿದಿರುವ ಒಂದೊಂದು ಎಂಜಿನ್ನನ್ನೂ ಸುಮ್ಮನೆ ಬಿಚ್ಚದಿರುವುದು ಅದನ್ನು ಉಳಿಸುವ ಕೆಲಸದ ಮೊದಲ ಪಾಠ.