ಎಳೆದರೆ ಮುರಿಯದ ವರ್ಗ

ಎಸ್ಸೆಸ್ಸೆಲ್ಸಿ ಗಣಿತ ಓದಿದವರಿಗೆ ಈ ರಚನೆ ನೆನಪಿದ್ದೀತು: ವೃತ್ತದ ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎರಡು ಸ್ಪರ್ಶಕ ಎಳೆಯುವುದು. ಕೇಂದ್ರಕ್ಕೂ ಹೊರಬಿಂದುವಿಗೂ ಗೆರೆ ಹಾಕು, ಅದನ್ನು ಸಮಭಾಗ ಮಾಡು, ಮಧ್ಯಬಿಂದುವಿನಲ್ಲಿ ಕೈವಾರದ ಮುಳ್ಳೂರಿ ಕೇಂದ್ರವನ್ನೂ ಹೊರಬಿಂದುವನ್ನೂ ಹಾಯುವ ಇನ್ನೊಂದು ವೃತ್ತ ಬರೆ, ಎರಡೂ ವೃತ್ತಗಳು ಕತ್ತರಿಸಿದ ಕಡೆಗೆ ಹೊರಬಿಂದುವನ್ನು ಸೇರಿಸು. ಇಷ್ಟನ್ನು ಮಗ್ಗಿಯ ಹಾಗೆ ಕಂಠಪಾಠ ಮಾಡಿ ಅಂಕ ಗಿಟ್ಟಿಸಿದವರೇ ಹೆಚ್ಚು. ಆ ಎರಡನೇ ವೃತ್ತ ಯಾಕೆ ಬೇಕಾಯಿತೆಂದು ಕೇಳಿದರೆ ಉತ್ತರ ಬರುವುದು ಅಪರೂಪ.

ಇದನ್ನೇ ಜಿಯೋಜಿಬ್ರಾ ತಂತ್ರಾಂಶದಲ್ಲಿ ರಚಿಸಿ, ಹೊರಬಿಂದುವನ್ನು ಮೌಸಿನಿಂದ ಹಿಡಿದು ಮೆಲ್ಲಗೆ ವೃತ್ತದತ್ತ ಎಳೆಯಬೇಕು. ಸ್ಪರ್ಶಕಗಳ ನಡುವಿನ ಕೋನ ಅಗಲವಾಗುತ್ತ ಹೋಗುತ್ತದೆ. ಬಿಂದು ವೃತ್ತದ ಒಳಗೆ ಜಾರಿದೊಡನೆ ಎರಡೂ ಗೆರೆ ಮಾಯ. ಎರಡನೇ ವೃತ್ತ ಈಗ ಮೊದಲನೆಯದರ ಹೊಟ್ಟೆಯೊಳಗೇ ಕುಳಿತಿದೆ, ಕತ್ತರಿಸುವ ಜಾಗವೇ ಇಲ್ಲ. ಹೊರಕ್ಕೆ ಎಳೆದರೆ ಗೆರೆಗಳು ಮತ್ತೆ ಹಾಜರು. ಒಳಬಿಂದುವಿನಿಂದ ಸ್ಪರ್ಶಕ ಎಳೆಯಲಾಗದು ಎಂದು ಪುಸ್ತಕದಲ್ಲಿ ಓದಿ ಮರೆತಿದ್ದ ಹುಡುಗಿಗೆ ಆ ಮಾತು ತನ್ನ ಕೈಯಲ್ಲೇ ನಡೆದು ಕಾಣುತ್ತದೆ. ಇನ್ನು ಎರಡನೇ ವೃತ್ತದ ಕಾರಣ: ಅರ್ಧವೃತ್ತದಲ್ಲಿನ ಕೋನ 90 ಡಿಗ್ರಿ, ಸ್ಪರ್ಶಕಕ್ಕೂ ತ್ರಿಜ್ಯಕ್ಕೂ ನಡುವೆ ಬೇಕಾದದ್ದೂ ಅಷ್ಟೇ. ಬಿಂದುವನ್ನು ಎತ್ತ ಎಳೆದರೂ ಆ 90 ಕದಲದೆ ನಿಂತಿರುವುದನ್ನು ನೋಡಿದ ಮೇಲೆ ಈ ಪ್ರಶ್ನೆ ಕೇಳಿದರೆ ತರಗತಿ ಸುಮ್ಮನಿರುವುದಿಲ್ಲ.

ಜಿಯೋಜಿಬ್ರಾವನ್ನು ಮಾರ್ಕಸ್ ಹೋಹೆನ್‌ವಾರ್ಟರ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು ಈ ಶತಮಾನದ ಆರಂಭದಲ್ಲಿ. ಎಳೆದು ನೋಡುವ ರೇಖಾಗಣಿತ ಅವರ ಶೋಧವೇನಲ್ಲ. ಫ್ರಾನ್ಸಿನ ಕಾಬ್ರಿ, ಅಮೆರಿಕದ ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್ ಅದಕ್ಕೆ ಮೊದಲೇ ಇದ್ದವು. ರೇಖಾಗಣಿತವನ್ನೂ ಬೀಜಗಣಿತವನ್ನೂ ಒಂದೇ ಪರದೆಗೆ ತಂದು ಪುಕ್ಕಟೆಯಾಗಿ ಹಂಚಿದ್ದು ಇದರ ಹೆಚ್ಚುಗಾರಿಕೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೆ ಇದನ್ನು ಕಲಿಸಿದ್ದರಿಂದ ನಮ್ಮ ಮೇಷ್ಟ್ರುಗಳಿಗೂ ಇದು ಅಪರಿಚಿತವಲ್ಲ.

ಆದರೆ ಬಳಕೆಯ ರೀತಿಯ ಬಗ್ಗೆ ನನಗೆ ತಕರಾರಿದೆ. ಸ್ಮಾರ್ಟ್ ಕ್ಲಾಸ್ ಎಂದರೆ ಸಾಮಾನ್ಯವಾಗಿ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಎಳೆದ ಕಿಟಕಿ ಪರದೆ. ಮೌಸು ಮೇಷ್ಟ್ರ ಕೈಯಲ್ಲಿ. ಅವರು ಎಳೆಯುತ್ತಾರೆ, ಚಿತ್ರ ಕುಣಿಯುತ್ತದೆ, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಬಯಲಾಟ ನೋಡಲು ಹೋದವರ ಹಾಗೆ. ಮಕ್ಕಳು ಖುಷಿಯಾಗಿದ್ದರು ಎಂದು ವರದಿಯೂ ಆಗುತ್ತದೆ. ಖುಷಿಯಾಗಿದ್ದರು, ಸರಿ. ಕಲಿತದ್ದೇನು?

ತಂತ್ರಾಂಶದಲ್ಲೂ ಒಂದು ದೋಷವಿದೆ, ಅದು ಅದರ ಔದಾರ್ಯದ ದೋಷ. ಸ್ಪರ್ಶಕಕ್ಕೆಂದೇ ಅಲ್ಲೊಂದು ಗುಂಡಿ ಇದೆ. ಬಿಂದು, ವೃತ್ತ ಎರಡನ್ನೂ ಒತ್ತಿದರೆ ಗೆರೆಗಳು ತಾವಾಗಿ ಬಂದು ಬೀಳುತ್ತವೆ. ನಿಯಮಿತ ಬಹುಭುಜಕ್ಕೂ ಹಾಗೆಯೇ: ಎರಡು ಬಿಂದು ಒತ್ತಿ 4 ಎಂದು ಬರೆದರೆ ವರ್ಗ ಸಿದ್ಧ. ಕಲಿಯಬೇಕಾದ ಕೆಲಸವನ್ನು ಯಂತ್ರವೇ ಮಾಡಿ ಮುಗಿಸಿತು. ಸಾಧನಪಟ್ಟಿಯಿಂದ ಬೇಡದ ಗುಂಡಿಗಳನ್ನು ತೆಗೆದುಹಾಕುವ ಸೌಕರ್ಯವನ್ನೂ ಇದೇ ತಂತ್ರಾಂಶ ಕೊಟ್ಟಿದೆ. ಜಾಣ ಶಿಕ್ಷಕಿ ಮೊದಲು ಮಾಡಬೇಕಾದ್ದು ಇದನ್ನೇ. ಬಿಂದು, ಗೆರೆ, ವೃತ್ತ, ಲಂಬ ಇಷ್ಟನ್ನೇ ಉಳಿಸಿ ವರ್ಗ ಕಟ್ಟಲು ಹೇಳಿದರೆ ಆಟ ಗಂಭೀರವಾಗುತ್ತದೆ. ಕಣ್ಣಂದಾಜಿನಲ್ಲಿ ನಾಲ್ಕು ಬಿಂದು ಇಟ್ಟು ಜೋಡಿಸಿದವನ ವರ್ಗ ನೋಡಲು ಚೆನ್ನಾಗಿಯೇ ಇರುತ್ತದೆ; ಒಂದು ಮೂಲೆ ಎಳೆದರೆ ಸೊಟ್ಟಗಾಗುತ್ತದೆ. ಲಂಬ ಹಾಕಿ, ವೃತ್ತದಿಂದ ಬಾಹುವಿನ ಅಳತೆ ಹಿಡಿದು ಕಟ್ಟಿದವಳ ವರ್ಗ ತಿರುಗುತ್ತದೆ, ಹಿಗ್ಗುತ್ತದೆ, ವರ್ಗವಾಗಿಯೇ ಉಳಿಯುತ್ತದೆ. ಸರಿಯೋ ತಪ್ಪೋ ಎಂದು ಮೇಷ್ಟ್ರನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಈ ಸಾಧನಕ್ಕೆ ನಾನು ಪೂರ್ತಿ ಅಂಕ ಕೊಡುವುದು ಈ ಒಂದು ಗುಣಕ್ಕೆ.

ಇನ್ನೊಂದು ಎಚ್ಚರವೂ ಬೇಕು. ತ್ರಿಭುಜದ ಮೂರು ಕೋನಗಳ ಮೊತ್ತ 180 ಎಂದು ತೋರಿಸಲು ಶೃಂಗವನ್ನು ಅತ್ತಿತ್ತ ಎಳೆದು, ನೋಡಿ, ಯಾವಾಗಲೂ 180, ಸಾಧಿಸಿಯಾಯಿತು ಎಂದು ಮುಗಿಸುವವರಿದ್ದಾರೆ. ಪರದೆಯ ಮೇಲೆ 41.34, 63.45, 75.22 ಎಂದು ಕಂಡರೆ ಕೂಡಿ ನೋಡಿ: 180.01. ಎರಡೇ ದಶಮಾಂಶ ಸ್ಥಾನಕ್ಕೆ ಅಂದಾಜಿಸಿದ್ದರಿಂದ ಆದ ವ್ಯತ್ಯಾಸ ಇದು. ಹಿಂದಿನ ಬೆಂಚಿನ ಹುಡುಗ ಇದನ್ನು ಹಿಡಿದರೆ ಬೈದು ಕೂರಿಸಬಾರದು. ಅಂದಿನ ಪಾಠವೇ ಅದು. ಅಳತೆ ಎಷ್ಟು ಸಲ ಹೊಂದಿದರೂ ಸಾಧನೆಯಾಗುವುದಿಲ್ಲ, ಪಾದಕ್ಕೆ ಸಮಾಂತರ ರೇಖೆ ಎಳೆದು ಪರ್ಯಾಯ ಕೋನಗಳಿಂದ ತೋರಿಸಲೇಬೇಕು ಎನ್ನಲು ಇದಕ್ಕಿಂತ ಒಳ್ಳೆಯ ನೆಪ ಸಿಕ್ಕದು.

ಒಡೆತನದ ಕಡೆಗೂ ಒಂದು ಕಣ್ಣಿರಲಿ. 2021ರ ಡಿಸೆಂಬರಿನಲ್ಲಿ ಜಿಯೋಜಿಬ್ರಾವನ್ನು ಕೊಂಡದ್ದು ನಮ್ಮ ಬೆಂಗಳೂರಿನ ಬೈಜೂಸ್. ವಿಡಿಯೊ ಪಾಠಗಳನ್ನು ಮಾರಿ ಬೆಳೆದ ಕಂಪನಿ ಮಗು ತಾನೇ ಮಾಡಿ ನೋಡುವ ಸಾಧನಕ್ಕೆ ದುಡ್ಡು ಸುರಿದದ್ದು ವಿಚಿತ್ರವಾಗಿತ್ತು. 2024ರ ಜುಲೈನಲ್ಲಿ ಆ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಪುಕ್ಕಟೆ ಎಂದ ಮಾತ್ರಕ್ಕೆ ಊರೆಲ್ಲರ ಸ್ವತ್ತಲ್ಲ: ವಾಣಿಜ್ಯೇತರ ಬಳಕೆಗಷ್ಟೇ ಜಿಯೋಜಿಬ್ರಾ ಉಚಿತ. ಸರ್ಕಾರಿ ಶಾಲೆಗಳು ನೆಚ್ಚುವ ಸಾಧನದ ಒಡೆತನ ಯಾರ ಕೈಯಲ್ಲಿದೆ ಎಂದು ಇಲಾಖೆ ಆಗಾಗ ವಿಚಾರಿಸುವುದು ಒಳ್ಳೆಯದು.

ಒಂದೇ ಲ್ಯಾಪ್‌ಟಾಪ್ ಇರುವ ಶಾಲೆ ಏನು ಮಾಡಬೇಕು? ಮೌಸನ್ನು ಒಬ್ಬ ವಿದ್ಯಾರ್ಥಿನಿಗೆ ಕೊಟ್ಟು, ಮುಂದಿನ ಹೆಜ್ಜೆಯನ್ನು ತರಗತಿ ಕೂಗಿ ಹೇಳಲಿ, ಮೇಷ್ಟ್ರು ಹಿಂದೆ ಹೋಗಿ ನಿಲ್ಲಲಿ. ತಪ್ಪು ಒತ್ತುತ್ತಾರೆ, ಜಗಳವಾಡುತ್ತಾರೆ, ಒಂದು ಪಿರಿಯಡ್ಡಿನಲ್ಲಿ ಒಂದೇ ರಚನೆ ಮುಗಿಯುತ್ತದೆ. ಪೋರ್ಷನ್ ಮುಗಿಸುವ ಅವಸರದಲ್ಲಿ ಇದು ದುಬಾರಿ ಎನ್ನುವುದು ನಿಜ. ಹಾಗಾಗಿ ಸ್ಪರ್ಶಕದಂಥ, ಎಳೆದು ನೋಡಿದರೆ ಹೊಸದೇನೋ ಹೊರಬೀಳುವ ನಾಲ್ಕಾರು ಪಾಠಗಳಿಗೆ ಮಾತ್ರ ಪ್ರೊಜೆಕ್ಟರ್ ಹಚ್ಚಿದರೆ ಸಾಕು. ರೇಖಾಖಂಡವನ್ನು 3:2ಕ್ಕೆ ಭಾಗಿಸಲು ಸೀಮೆಸುಣ್ಣ ಸಿಕ್ಕಿಸಿದ ಮರದ ಕೈವಾರವೇ ಆದೀತು.