ಏಳಡಿಯ ಇಬ್ಬರು, ಅರ್ಧ ಹೆಜ್ಜೆಯ ಲೆಕ್ಕ

ಬ್ಯಾಸ್ಕೆಟ್‌ಬಾಲ್ ಆಟಗಾರ ಸತ್ನಾಮ್ ಸಿಂಗ್ ಭಮಾರಾ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅವರ ಎತ್ತರ ಎಲ್ಲ ಕಡೆಯೂ ಇದೆ. ಅವರ ಅಪ್ಪನ ಎತ್ತರವೂ ಇದೆ. ಎದುರಾಳಿ ಚೆಂಡು ಪುಟಿಸಿಕೊಂಡು ನುಗ್ಗಿ ಬಂದಾಗ ಅವರು ಎಲ್ಲಿ ನಿಲ್ಲುತ್ತಿದ್ದರು, ಕಾಲು ಹೇಗೆ ಇಡುತ್ತಿದ್ದರು ಎಂಬುದು ಮಾತ್ರ ಎಲ್ಲೂ ಇಲ್ಲ. 2015ರ ಜೂನ್ 25ರಂದು ಡಲ್ಲಾಸ್ ಮ್ಯಾವರಿಕ್ಸ್ ತಂಡ, ಅಮೆರಿಕದ ವೃತ್ತಿ ಲೀಗ್‌ಗೆ ಹೊಸ ಆಟಗಾರರನ್ನು ಆರಿಸುವ ಎನ್‌ಬಿಎ ಡ್ರಾಫ್ಟ್‌ನ 52ನೆಯ ಆಯ್ಕೆಯಾಗಿ ಅವರನ್ನು ತೆಗೆದುಕೊಂಡಿತು. ಭಾರತದಲ್ಲಿ ಹುಟ್ಟಿದ ಯಾರೂ ಅದಕ್ಕೆ ಮೊದಲು ಆ ಪಟ್ಟಿಗೆ ಸೇರಿರಲಿಲ್ಲವಾದ್ದರಿಂದ ಅದು ಇತಿಹಾಸ, ಒಪ್ಪೋಣ. ಆದರೆ ಆ ಇತಿಹಾಸವನ್ನೇ ಆಟದ ತೀರ್ಪು ಎಂದು ಹತ್ತು ವರ್ಷದಿಂದ ಓದುತ್ತ ಬಂದಿದ್ದೇವೆ. ನನ್ನ ತಕರಾರು ಇರುವುದು ಇಲ್ಲಿ.

ಸರಿಯಾಗಿ ಒಂದು ವರ್ಷ ಹಿಂದೆ, 2014ರ ಡ್ರಾಫ್ಟ್‌ನಲ್ಲಿ, ಇನ್ನೊಬ್ಬ ಪಂಜಾಬಿ ಮನೆಯ ಹುಡುಗ ಅದೇ ಬಾಗಿಲಲ್ಲಿ ನಿಂತಿದ್ದರು. ಟೊರಾಂಟೊದಲ್ಲಿ ಹುಟ್ಟಿದ ಸಿಮ್ ಭುಲ್ಲರ್, ಎತ್ತರ 7 ಅಡಿ 5 ಅಂಗುಲ. ಸತ್ನಾಮ್‌ಗಿಂತ ಮೂರು ಅಂಗುಲ ಹೆಚ್ಚು. ಆ ರಾತ್ರಿ ಕರೆದ 60 ಹೆಸರುಗಳಲ್ಲಿ ಅವರದು ಇರಲಿಲ್ಲ. ಡ್ರಾಫ್ಟ್‌ನ ಹೊತ್ತಿಗೆ ಈ ಇಬ್ಬರಲ್ಲಿ ಯಾರ ಹತ್ತಿರ ಹೆಚ್ಚು ಆಟ ಇತ್ತು ಎಂದು ಕೇಳಿದರೆ ನನ್ನ ಉತ್ತರ ಭುಲ್ಲರ್. ಹತ್ತಿರದ ಸ್ಪರ್ಧೆಯೂ ಅಲ್ಲ. ನಮ್ಮ ಕ್ರೀಡಾ ವಿಮರ್ಶೆ ಇದನ್ನು ಗಮನಿಸಲಿಲ್ಲ. ಅದರ ಒಂದು ಕೈಯಲ್ಲಿ ಅಳತೆಪಟ್ಟಿ, ಇನ್ನೊಂದರಲ್ಲಿ ಪಾಸ್‌ಪೋರ್ಟ್ ಇತ್ತು.

ಸತ್ನಾಮ್ ಕಥೆ ಓದುಗರಿಗೆ ಗೊತ್ತಿರುವಂಥದ್ದು: ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಗ್ರಾಮ, ಲುಧಿಯಾನದ ಅಕಾಡೆಮಿ, 2010ರಲ್ಲಿ ಸಿಕ್ಕ ವಿದ್ಯಾರ್ಥಿವೇತನ, ಫ್ಲಾರಿಡಾದ ಐಎಂಜಿ ಅಕಾಡೆಮಿ. ಅದರ ಮೇಲೆ ‘ಒನ್ ಇನ್ ಎ ಬಿಲಿಯನ್’ ಎಂಬ ಸಾಕ್ಷ್ಯಚಿತ್ರ 2016ರಲ್ಲಿ ಬಂತು. ಹಳ್ಳಿಯ ಹುಡುಗ, ಬಾರದ ಇಂಗ್ಲಿಷ್, ದೂರದ ದೇಶ. ಕಣ್ಣು ತೇವವಾಗುವ ಕಥೆಯೇ. ಆದರೆ ಕಥೆ ಚೆನ್ನಾಗಿದ್ದ ಮಾತ್ರಕ್ಕೆ ಆಟಕ್ಕೆ ಸಾಕ್ಷಿ ಸಿಕ್ಕಂತಾಗುವುದಿಲ್ಲ. ಡ್ರಾಫ್ಟ್‌ಗೆ ಮೊದಲು ಸತ್ನಾಮ್ ಕಾಲೇಜಿಗೆ ಆಡಲಿಲ್ಲ, ಬೇರೆ ದೇಶದ ವೃತ್ತಿ ಲೀಗ್‌ಗೂ ಆಡಲಿಲ್ಲ. 2005ರ ವಯೋಮಿತಿ ನಿಯಮ ಬಂದ ಮೇಲೆ ಹೀಗೆ ನೇರವಾಗಿ ಡ್ರಾಫ್ಟ್‌ಗೆ ಹೋಗಿ ಆಯ್ಕೆಯಾದವರಲ್ಲಿ ಅವರೇ ಮೊದಲಿಗರು. ಇದನ್ನು ನಾವು ಹೆಗ್ಗಳಿಕೆ ಎಂದು ಬರೆದುಕೊಂಡೆವು. ಅವರನ್ನು ಅಳೆಯಲು ಗಟ್ಟಿಯಾದ ಎದುರಾಳಿಗಳೇ ಇರಲಿಲ್ಲ ಎಂಬ ಅರ್ಥವೂ ಅದರಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಭುಲ್ಲರ್ ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎರಡು ಋತು ಆಡಿದರು. ಪಂದ್ಯಕ್ಕೆ ಸರಾಸರಿ ಹತ್ತು ಅಂಕ. ಎರಡನೆಯ ಋತುವಿನಲ್ಲಿ ಪಂದ್ಯಕ್ಕೆ ಮೂರಕ್ಕೂ ಹೆಚ್ಚು ಬ್ಲಾಕ್. 2013 ಮತ್ತು 2014, ಎರಡೂ ವರ್ಷ ತಮ್ಮ ವಲಯದ ಟೂರ್ನಿಯ ಶ್ರೇಷ್ಠ ಆಟಗಾರ. ಎರಡೂ ವರ್ಷ ತಂಡ ರಾಷ್ಟ್ರೀಯ ಟೂರ್ನಿಗೆ ಹೋಯಿತು. 2014ರಲ್ಲಿ ಸ್ಯಾನ್ ಡಿಯೆಗೊ ಸ್ಟೇಟ್ ಎದುರು ಹೆಚ್ಚುವರಿ ಅವಧಿಗೆ ಎಳೆದು 69–73ರಲ್ಲಿ ಸೋತಿತು. ದೊಡ್ಡ ವಲಯವಲ್ಲ, ನಿಜ. ಆದರೂ ಅಲ್ಲಿ ಎದುರಿಗಿದ್ದವರು ಬೆಳೆದ ಗಂಡಸರು.

ಇನ್ನು ಆಟಕ್ಕೆ ಬರೋಣ. ಒಂದೇ ಸನ್ನಿವೇಶ ಸಾಕು. ಎದುರಾಳಿ ಗಾರ್ಡ್ ಚೆಂಡು ಪುಟಿಸುತ್ತ ಮೂರಂಕದ ಗೆರೆಯ ಹತ್ತಿರ ಬರುತ್ತಾನೆ. ಅವನ ತಂಡದ ಸೆಂಟರ್ ಮುಂದೆ ಬಂದು, ಗಾರ್ಡ್‌ನ ಬೆನ್ನು ಹತ್ತಿದವನಿಗೆ ಅಡ್ಡವಾಗಿ ನಿಲ್ಲುತ್ತಾನೆ. ಗಾರ್ಡ್ ಅವನ ಭುಜ ಸವರಿಕೊಂಡು ಒಳನುಗ್ಗುತ್ತಾನೆ. ಅಡ್ಡ ನಿಂತಿದ್ದವನು ತಿರುಗಿ ಬುಟ್ಟಿಯ ಕಡೆ ಓಡುತ್ತಾನೆ. ಪಿಕ್ ಅಂಡ್ ರೋಲ್ ಎಂದರೆ ಇಷ್ಟೆ. ಈಗ ನಮ್ಮ ಎತ್ತರದವನ ಮೇಲೆ ಇಬ್ಬರು ಬರುತ್ತಿದ್ದಾರೆ, ತಡೆಯಲು ಇರುವವನು ಒಬ್ಬ. ಮುಂದೆ ಹೋದರೆ ಚೆಂಡು ತಲೆಯ ಮೇಲಿಂದ ಹಾರಿ ಬುಟ್ಟಿಯ ಬಳಿ ಇನ್ನೊಬ್ಬನ ಕೈ ಸೇರುತ್ತದೆ. ಹಿಂದೆಯೇ ಉಳಿದರೆ ಗಾರ್ಡ್ ನಿರಾಳವಾಗಿ ಶಾಟ್ ಹೊಡೆಯುತ್ತಾನೆ. ಉಳಿಯಬೇಕಾದದ್ದು ಎರಡರ ನಡುವೆ. ಹಿಂದಕ್ಕೆ ಸರಿಯುತ್ತಲೇ ಗಾರ್ಡ್‌ಗೆ ಎದೆ ಕೊಟ್ಟಿರಬೇಕು. ಒಂದು ಕೈ ಚೆಂಡಿನತ್ತ, ಇನ್ನೊಂದು ಕೈ ತಲೆಯ ಮೇಲಿಂದ ಹಾರುವ ಆ ಲಾಬ್‌ನ ದಾರಿಯಲ್ಲಿ. ಕಾಲು ಕತ್ತರಿಯಾಗಬಾರದು. ಸೊಂಟ ಪೂರ್ತಿ ತಿರುಗಿತೋ, ಅಲ್ಲಿಗೆ ಮುಗಿಯಿತು. ಇದೆಲ್ಲ ಎರಡು ಸೆಕೆಂಡಿನ ವ್ಯವಹಾರ, ಒಂದು ಪಂದ್ಯದಲ್ಲಿ ಹತ್ತಾರು ಸಲ.

ಅನುಗೊಂಡನಹಳ್ಳಿಯಂಥ ಕಡೆ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ನೋಡಿದವರಿಗೆ ಇದು ಹೊಸ ವಿದ್ಯೆಯಲ್ಲ. ರೈಡರ್ ಒಳಗೆ ಬಂದು ಕಾರ್ನರ್‌ನಲ್ಲಿರುವ ಹುಡುಗನ ಮುಂದೆ ಕಾಲು ಚಾಚಿ ಆಸೆ ತೋರಿಸುತ್ತಾನೆ. ಹುಡುಗ ಆಸೆಗೆ ಬಿದ್ದು ಅರ್ಧ ಹೆಜ್ಜೆ ಮೊದಲೇ ಹಾರಿದರೆ ಅಡ್ವಾನ್ಸ್ ಟ್ಯಾಕಲ್. ರೈಡರ್ ಮುಟ್ಟಿ ಗೆರೆ ದಾಟಿರುತ್ತಾನೆ. ಅರ್ಧ ಹೆಜ್ಜೆ ತಡ ಮಾಡಿದರೆ ಬೋನಸ್ ಹೋಯಿತು. ಗೆರೆಯಾಚೆಯಿಂದ ಪಿ.ಟಿ. ಮೇಷ್ಟ್ರು “ನೀನ್ ಮುಂದಕ್ಕೆ ಹೋಗ್ಬೇಡ ಕಣೋ, ಅವನೇ ಬರ್ಲಿ” ಎಂದು ಕೂಗುವುದು ಇದಕ್ಕೇ. ಏಳಡಿಯ ಸೆಂಟರ್‌ಗೂ ಕೋಚ್ ಹೇಳಿಕೊಡುವುದು ಇದನ್ನೇ. ಇಲ್ಲಿ ಎತ್ತರ ಕೆಲಸಕ್ಕೆ ಬರುವುದು ಕಾಲು ತನ್ನ ಕೆಲಸ ಮಾಡಿದ ಮೇಲೆ.

ಈಗ ಇಬ್ಬರನ್ನೂ ಈ ಎರಡು ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿ. ಭುಲ್ಲರ್ ಕೂಡ ಚುರುಕಿನ ಆಟಗಾರ ಅಲ್ಲ. ಕಾಲೇಜಿನಲ್ಲಿ ತೂಕ 160 ಕಿಲೋ ದಾಟಿತ್ತು. ಆದರೆ ತಮಗೂ ಬುಟ್ಟಿಗೂ ನಡುವೆ ಎಷ್ಟು ದೂರ ಇರಬೇಕು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಪುಸಲಾಯಿಸುವ ಗಾರ್ಡ್‌ಗೆ ಸುಲಭಕ್ಕೆ ಬಲಿಯಾಗಿ ನೆಲ ಬಿಡುವುದಿಲ್ಲ. ಕೈ ಮೇಲೆತ್ತಿ ಹಿಂದೆ ಸರಿಯುತ್ತಾರೆ, ಚೆಂಡು ಗಾರ್ಡ್‌ನ ಕೈ ಬಿಟ್ಟ ಮೇಲೆ ಮಾತ್ರ ಚಾಚುತ್ತಾರೆ. ಅವರ ಬ್ಲಾಕ್‌ಗಳಲ್ಲಿ ಬಹುಪಾಲಿಗೆ ಹಾರಿಕೆಯ ಅಗತ್ಯವೇ ಇರಲಿಲ್ಲ. ಹಾರದವನನ್ನು ಏಮಾರಿಸುವುದು ಕಷ್ಟ.

ಇದಕ್ಕೆ ಬಲ್ಲವರು ಕೊಡುವ ಉತ್ತರವೂ ನನಗೆ ಗೊತ್ತು. ಕಾಲೇಜು ಆಟದಲ್ಲಿ ರಕ್ಷಣೆಗೆ ಮೂರು ಸೆಕೆಂಡಿನ ಮಿತಿ ಇಲ್ಲ, ದೊಡ್ಡ ದೇಹದವನು ಬುಟ್ಟಿಯ ಕೆಳಗೆ ಬಿಡಾರ ಹೂಡಬಹುದು. ಎನ್‌ಬಿಎ 2001–02ರ ಋತುವಿನಿಂದ ಅದಕ್ಕೆ ಕಡಿವಾಣ ಹಾಕಿದೆ, ಹಾಗಾಗಿ ಭುಲ್ಲರ್ ಅಂಕಿಗಳೆಲ್ಲ ನಿಯಮದ ಕೃಪೆ ಎನ್ನುತ್ತಾರೆ. ಈ ವಾದ ಅರ್ಧ ಸರಿ. ಆ ನಿಯಮ ತಡೆಯುವುದು ಯಾರನ್ನೂ ಕಾಯದೆ ಬುಟ್ಟಿಯ ಮುಂದಿನ ಪೇಂಟ್‌ನಲ್ಲಿ ನಿಲ್ಲುವುದನ್ನು. ಪಿಕ್ ಅಂಡ್ ರೋಲ್‌ನಲ್ಲಿ ಸೆಂಟರ್ ಸುಮ್ಮನೆ ನಿಂತಿರುವುದಿಲ್ಲ. ಅವನು ಕಾಯಬೇಕಾದವನೇ ಅವನತ್ತ ಉರುಳಿ ಬರುತ್ತಿರುತ್ತಾನೆ. ಭುಲ್ಲರ್‌ಗೆ ನಿಜವಾದ ತೊಡಕು ಇದ್ದದ್ದು ಬೇರೆ ಕಡೆ: ಒಳಗೆ ಬರದೆ ಮೂರಂಕದ ಗೆರೆಯಿಂದಲೇ ಹೊಡೆಯುವ ಗಾರ್ಡ್ ಎದುರು ಅವರು ಏನೂ ಮಾಡಲಾರರು. ಸತ್ನಾಮ್ ಅದೇ ಗಾರ್ಡ್ ಎದುರು ಏನು ಮಾಡಬಲ್ಲರು ಎಂದು ಈ ಬಲ್ಲವರು ಯಾಕೆ ಕೇಳಲಿಲ್ಲ?

ಸತ್ನಾಮ್ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಕೈ ಮೃದು. ಬುಟ್ಟಿಯಿಂದ ಹನ್ನೆರಡು–ಹದಿನೈದು ಅಡಿ ದೂರದಿಂದ ಶಾಟ್ ಹೊಡೆಯುವ ಹದ ಇತ್ತು. ಆ ಗಾತ್ರದವರಲ್ಲಿ ಅದು ಅಪರೂಪ. ಸ್ಕ್ರೀನ್‌ಗೆ, ಅಂದರೆ ಅಡ್ಡವಾಗಿ, ನಿಂತರೆ ಬಂಡೆ. ಆದರೆ ಈ ಮೂರನ್ನೂ ಅವರು ಮಾಡುವುದು ತಮ್ಮ ವೇಳೆಯಲ್ಲಿ, ತಾವು ನಿಂತ ಜಾಗದಲ್ಲಿ. ಎದುರಾಳಿಯ ವೇಳೆಯಲ್ಲಿ ಏನಾದರೂ ಮಾಡಬೇಕಾದಾಗ ಕಾಲು ಹಿಂದೆ ಬೀಳುತ್ತದೆ, ಸೊಂಟ ತಿರುಗುತ್ತದೆ, ಗಾರ್ಡ್ ದಾಟಿ ಹೋದ ಮೇಲೆ ಕೈ ಚಾಚುತ್ತಾರೆ. ಡ್ರಾಫ್ಟ್ ಹೊತ್ತಿನ ವರದಿಗಳು ಕೂಡ ಕೈಯನ್ನು ಹೊಗಳಿ ಕಾಲನ್ನು ನಿಧಾನ ಎಂದಿದ್ದವು. ನಮ್ಮವರು ಮೊದಲರ್ಧ ಮಾತ್ರ ಎತ್ತಿಕೊಂಡರು.

ಕಾಲವನ್ನೂ ಗಮನಿಸಿ. 2015ರ ಜೂನ್ 16ರಂದು, ಸತ್ನಾಮ್ ಆಯ್ಕೆಗೆ ಒಂಬತ್ತು ದಿನ ಮುಂಚೆ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಚಾಂಪಿಯನ್ ಆಯಿತು. ಫೈನಲ್ ಸರಣಿಯ ನಾಲ್ಕನೆಯ ಪಂದ್ಯದಿಂದ ಅವರು ಏಳಡಿಯ ಆ್ಯಂಡ್ರೂ ಬೋಗಟ್‌ರನ್ನು ಮೊದಲ ಐವರಿಂದ ಕೈಬಿಟ್ಟು ಆಂಡ್ರೆ ಇಗ್ವಾಡಾಲಾರನ್ನು ಇಳಿಸಿದರು. ಸೆಂಟರ್ ಕೆಲಸ ಏಳಡಿಗೆ ಐದಾರು ಅಂಗುಲ ಕಡಿಮೆ ಇದ್ದ ಡ್ರೇಮಂಡ್ ಗ್ರೀನ್ ಪಾಲಿಗೆ ಬಂತು. ಆನೆ ನಡೆದದ್ದೇ ದಾರಿ ಎನ್ನುವ ಕಾಲ ಆ ಸರಣಿಯಲ್ಲಿ ಎಲ್ಲರ ಕಣ್ಣೆದುರೇ ಮುಗಿಯಿತು. ಅದೇ ಡ್ರಾಫ್ಟ್‌ನಲ್ಲಿ ಅಮೆರಿಕದ ವಿಮರ್ಶಕರು ತಿಂಗಳುಗಟ್ಟಲೆ ಕಾದಾಡಿದ್ದು ಕಾರ್ಲ್-ಆ್ಯಂಥನಿ ಟೌನ್ಸ್ ಮೇಲೋ ಜಲೀಲ್ ಒಕಾಫೊರ್ ಮೇಲೋ ಎಂದು. ಬುಟ್ಟಿಗೆ ಬೆನ್ನು ಕೊಟ್ಟು ಅಂಕ ಗಳಿಸುವುದರಲ್ಲಿ ಒಕಾಫೊರ್ ಪಳಗಿದವರು. ಮೊದಲು ಹೋದದ್ದು ಟೌನ್ಸ್, ಒಕಾಫೊರ್ ಮೂರನೆಯವರು. ಮೊದಲ ವರ್ಷ ಪಂದ್ಯಕ್ಕೆ 17.5 ಅಂಕ ಗಳಿಸಿಯೂ ಒಕಾಫೊರ್ ಮೂರನೆಯ ಋತುವಿನ ನಡುವೆ ತಂಡದಿಂದ ಹೊರಬಿದ್ದರು. ಮುಖ್ಯ ದೂರು ರಕ್ಷಣೆಯದ್ದು, ಅಂದರೆ ಮತ್ತೆ ಕಾಲಿನದ್ದು. ಅಲ್ಲಿ ಕನಿಷ್ಠ ಪಕ್ಷ ಜಗಳ ಆಟದ ಮೇಲೆ ನಡೆಯಿತು.

ನಮ್ಮಲ್ಲಿ ನಡೆದ ಚರ್ಚೆಗೆ ಎರಡು ಗುಂಪು. ಮೊದಲ ಗುಂಪಿನವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು. 52ನೆಯ ಆಯ್ಕೆ ಎಂದರೆ ತಂಡಕ್ಕೆ ಹೆಚ್ಚು ಖರ್ಚಿಲ್ಲದ ಲಾಟರಿ ಚೀಟಿ, ಕಾಯಂ ಕರಾರಿನ ಭರವಸೆಯೂ ಇಲ್ಲ ಎಂದು ಇವರಿಗೆ ಹೇಳಿದರೆ ದೇಶದ್ರೋಹ ಮಾಡಿದಂತೆ ನೋಡುತ್ತಾರೆ. ಎರಡನೆಯ ಗುಂಪಿನವರು ತಿಳಿದವರು. ಇದೆಲ್ಲ ಮಾರುಕಟ್ಟೆಯ ಆಟ, ಭಾರತದ ಟಿವಿ ಗ್ರಾಹಕರಿಗಾಗಿ ಹೂಡಿದ್ದು ಎಂದು ಮುಗುಳ್ನಗುತ್ತಾರೆ. ಮಾರುಕಟ್ಟೆಯ ಲೆಕ್ಕ ಇಲ್ಲ ಎಂದು ನಾನೂ ಹೇಳುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ತಂಡಗಳು ಮುಂಬೈಗೆ ಬಂದು ಎರಡು ಪಂದ್ಯ ಆಡಿದ್ದು ಯಾವ ಪ್ರೀತಿಗೆ ಎಂದು ಎಲ್ಲರಿಗೂ ಗೊತ್ತು. ಆದರೆ ಈ ಮುಗುಳ್ನಗೆ ಭುಲ್ಲರ್‌ರನ್ನೂ ಸೇರಿಸಿ ಗುಡಿಸಿಬಿಡುತ್ತದೆ. ಕಿಂಗ್ಸ್ ಒಡೆಯ ವಿವೇಕ್ ರಣದಿವೆ ಮುಂಬೈಯವರು, ಅದಕ್ಕೇ ಭುಲ್ಲರ್‌ಗೆ ಹತ್ತು ದಿನದ ಕರಾರು ಸಿಕ್ಕಿತು ಎನ್ನುತ್ತಾರೆ. ಆ ಕರಾರು ಸಿಕ್ಕಿದ್ದು 2015ರ ಏಪ್ರಿಲ್ 2ರಂದು. ಅದಕ್ಕೆ ಮೊದಲು ಇಡೀ ಋತು ಅವರು ಎನ್‌ಬಿಎ ಕೆಳಗಿನ ಕಿರಿಯ ಲೀಗ್‌ನ ರೀನೊ ಬಿಗ್‌ಹಾರ್ನ್ಸ್ ತಂಡಕ್ಕೆ, ಲೀಗ್‌ನಲ್ಲೇ ಅತಿ ವೇಗವಾಗಿ ಓಡುವ ತಂಡಕ್ಕೆ, ಆಡಿದ್ದರು; ಒಂದು ಪಂದ್ಯದಲ್ಲಿ 26 ಅಂಕ, 17 ರಿಬೌಂಡ್, 11 ಬ್ಲಾಕ್. ಏಪ್ರಿಲ್ 7ರಂದು ಮಿನ್ನೆಸೋಟ ಎದುರು ಅವರು ಅಂಗಳದಲ್ಲಿ ಇದ್ದದ್ದು 16 ಸೆಕೆಂಡ್. ಒಟ್ಟು ಮೂರು ಪಂದ್ಯ, ಅಲ್ಲಿಗೆ ಎನ್‌ಬಿಎ ಮುಗಿಯಿತು. ಆಮೇಲೆ ತೈವಾನ್‌ನ ಲೀಗ್‌ಗಳಲ್ಲಿ ವರ್ಷಗಟ್ಟಲೆ ಆಡಿ ದುಡಿದರು. ಸತ್ನಾಮ್ ಅದೇ ಕಿರಿಯ ಲೀಗ್‌ನ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಎರಡು ಋತು ಹೆಚ್ಚಾಗಿ ಬೆಂಚಿನಲ್ಲೇ ಕಳೆದರು. ಎನ್‌ಬಿಎ ಪಂದ್ಯ ಒಂದನ್ನೂ ಆಡಲಿಲ್ಲ. ಈಗ ಅಮೆರಿಕದ ವೃತ್ತಿ ಕುಸ್ತಿಯ ಪ್ರದರ್ಶನಗಳಲ್ಲಿ ಇದ್ದಾರೆ.

ಮೂರು ಪಂದ್ಯದವರನ್ನು ಹೊಗಳುವುದೇನು ಎಂದು ಕೇಳಬಹುದು. ಗೆದ್ದರು ಎಂದು ನಾನು ಹೇಳುತ್ತಿಲ್ಲ. ಡ್ರಾಫ್ಟ್‌ಗೆ ಮುಂಚೆ ಕಣ್ಣೆದುರು ಇದ್ದ ಸಾಕ್ಷಿ ಯಾರ ಕಡೆ ವಾಲಿತ್ತು ಎಂಬುದಷ್ಟೇ ಪ್ರಶ್ನೆ.

ಪಾಸ್‌ಪೋರ್ಟ್ ವಿಷಯಕ್ಕೆ ಬಂದರೆ ನಮ್ಮ ನಿಲುವು ಇನ್ನೂ ತಮಾಷೆಯದು. ವೆಲ್ಲಿಂಗ್ಟನ್‌ನಲ್ಲಿ ಹುಟ್ಟಿ ನ್ಯೂಜಿಲೆಂಡ್‌ಗೆ ಆಡುವ ರಚಿನ್ ರವೀಂದ್ರ 2023ರ ವಿಶ್ವಕಪ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶತಕ ಹೊಡೆದಾಗ ಅವರು ನಮ್ಮ ಬೆಂಗಳೂರಿನ ಹುಡುಗ. ಭುಲ್ಲರ್ ಮಾತ್ರ ಕೆನಡಾದವರು! ಹೊರದೇಶದ ಮಗು ನಮ್ಮದೋ ಅಲ್ಲವೋ ಎಂಬುದನ್ನು ಅದು ಆಡುವ ಆಟ ನೋಡಿ ನಿರ್ಧರಿಸುವುದು ಯಾವ ನ್ಯಾಯ?

ಈ ಗದ್ದಲದಲ್ಲಿ ಕಳೆದುಹೋದ ಮೂರನೆಯ ಹೆಸರು ಅಮೃತ್‌ಪಾಲ್ ಸಿಂಗ್. 2014ರಲ್ಲಿ ವುಹಾನ್‌ನಲ್ಲಿ ಭಾರತ ಚೀನಾವನ್ನು 65–58ರಿಂದ ಸೋಲಿಸಿದ ತಂಡದ ಸೆಂಟರ್ ಅವರು. 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ಸೇರಿದರು. ಏಳಡಿಯಿಲ್ಲ, ಡ್ರಾಫ್ಟ್ ಇಲ್ಲ, ಸಾಕ್ಷ್ಯಚಿತ್ರವೂ ಇಲ್ಲ. ಬ್ಯಾಸ್ಕೆಟ್‌ಬಾಲ್‌ಗೆ ತಡವಾಗಿ ಬಂದ ಅವರು ಅದಕ್ಕೆ ಮೊದಲು ಆಡುತ್ತಿದ್ದದ್ದು ಕಬಡ್ಡಿ. ಇದೊಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಲು ಹೊರಟಿಲ್ಲ. ಆದರೆ ಸತ್ನಾಮ್ ಬಗ್ಗೆ ಪುಟಗಟ್ಟಲೆ ಬರೆದವರು ಇವರ ಕಾಲಿನ ಬಗ್ಗೆ ಒಂದು ಸಾಲಾದರೂ ಬರೆಯಬೇಕಿತ್ತು.

ತಪ್ಪು ವಿಮರ್ಶೆಯಿಂದ ಅಮೆರಿಕದ ತಂಡಗಳಿಗೆ ನಷ್ಟವಿಲ್ಲ. ನಷ್ಟ ನಮ್ಮ ಹೋಬಳಿಗಳಿಗೆ. ಹೊಸಕೋಟೆ ತಾಲ್ಲೂಕಿನ ಯಾವುದೋ ಶಾಲೆಯಲ್ಲಿ ಹದಿನಾಲ್ಕಕ್ಕೇ ಆರೂಕಾಲು ಅಡಿ ಬೆಳೆದ ಹುಡುಗನಿದ್ದರೆ ಅವನನ್ನು ಗೋಡೆಗೆ ಒರಗಿಸಿ ಗುರುತು ಹಾಕುತ್ತೇವೆ, ಕ್ರೀಡಾ ವಸತಿ ನಿಲಯದ ಕನಸು ಕಟ್ಟುತ್ತೇವೆ, ಇವನೇ ಮುಂದಿನ ಸತ್ನಾಮ್ ಎನ್ನುತ್ತೇವೆ. ಎತ್ತರ ನೋಡಿ ಕರೆಯುವುದಕ್ಕೆ ನನ್ನ ಆಕ್ಷೇಪವಿಲ್ಲ, ಆಯ್ಕೆ ಅಲ್ಲೇ ಮುಗಿಯುವುದಕ್ಕೆ ಇದೆ. ಅವನ ಮುಂದೆ ಐದೂವರೆ ಅಡಿಯ ಚುರುಕು ಹುಡುಗನೊಬ್ಬನನ್ನು ಚೆಂಡು ಕೊಟ್ಟು ಬಿಡಿ. ಹತ್ತು ಸಲ ನುಗ್ಗಲಿ. ಎತ್ತರದವನು ಎಷ್ಟು ಸಲ ಎದೆ ತಿರುಗಿಸದೆ ಹಿಂದೆ ಸರಿದ ಎಂದು ಎಣಿಸಿ ಬರೆದುಕೊಳ್ಳಿ. 2014 ಮತ್ತು 2015ರಲ್ಲಿ ಈ ಇಬ್ಬರ ಬಗ್ಗೆ ಬರೆದವರು ಅಷ್ಟು ಮಾಡಿದ್ದರೆ ಯಾರ ಹೆಸರು ಮೊದಲು ಬರಬೇಕಿತ್ತು ಎಂದು ಇಷ್ಟು ವರ್ಷದ ಮೇಲೆ ವಾದಿಸುವ ಕೆಲಸ ನನಗೆ ಬೀಳುತ್ತಿರಲಿಲ್ಲ.